‘ಪೂ’ ಶಬ್ದದ ಅರ್ಥ, ಪ್ರಯೋಗ, ಪರ್ಯಾಯಗಳು: ಬೀದರ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿಚಾರ

ಬೀದರ ಪಟ್ಟಣದಲ್ಲಿ ದೇವರ ಪೂಜೆಗೆ ಹೂ ಒದಗಿಸುವವನನ್ನು ಕನ್ನಡದ ಮನೆಯವರು ಹೂಗಾರನೆನ್ನುತ್ತಾರೆ. ಮರಾಠಿ ಬೆರೆತ ಮನೆಗಳಲ್ಲಿ ಅವನೇ ಫುಲಾರಿ. ವೃತ್ತಿ ಒಂದು, ಬುಟ್ಟಿಯಲ್ಲಿರುವ ವಸ್ತುವೂ ಒಂದು. ಭಾಲ್ಕಿಯನ್ನು ದಾಟಿ ಪಶ್ಚಿಮಕ್ಕೆ, ಔರಾದವನ್ನು ದಾಟಿ ಉತ್ತರಕ್ಕೆ ಹೋದಂತೆ ಹೂವು ಫೂಲವಾಗುತ್ತದೆ. ಪೂರ್ವದ ತೆಲುಗು ಹಳ್ಳಿಗಳಲ್ಲಿ ಅದು ಪುವ್ವು. ಪಟ್ಟಣದ ದಖ್ಖನಿ ಮಾತಿನಲ್ಲಿ ಫೂಲ್, ಅದೇ ಮಾತು ಕವಿತೆಗೆ ಏರಿದರೆ ಗುಲ್. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೂ ಜಹೀರಾಬಾದ, ನಾರಾಯಣಖೇಡ ಭಾಗಗಳು ಆಂಧ್ರಪ್ರದೇಶಕ್ಕೂ ಹೋದುವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಸೀಮೆ ಕರ್ನಾಟಕಕ್ಕೆ ಬಂದಿತು. ಗಡಿಗೆರೆ ತಾಲ್ಲೂಕುಗಳನ್ನು ಹಂಚಿತೇ ಹೊರತು ಶಬ್ದಗಳನ್ನು ಹಂಚಲಿಲ್ಲ. ಒಂದೇ ವಸ್ತುವಿಗೆ ನಾಲ್ಕಾರು ಹೆಸರುಗಳು ದಿನನಿತ್ಯ ಕಿವಿಗೆ ಬೀಳುವ ಇಂಥ ಸೀಮೆಯಲ್ಲಿ, ಪರ್ಯಾಯಶಬ್ದವೆಂದರೆ ನಿಜವಾಗಿ ಏನು ಎಂಬ ಪ್ರಶ್ನೆ ಕೇವಲ ನಿಘಂಟಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮೊದಲು ಈ ಹೆಸರುಗಳ ಕುಲವನ್ನು ವಿಂಗಡಿಸಬೇಕು. ಪೂ, ಹೂ, ಪುವ್ವು ಇವು ಒಂದೇ ದ್ರಾವಿಡ ಮೂಲದವು. ತಮಿಳು, ಮಲೆಯಾಳ, ತುಳು, ಕೊಡವ ಭಾಷೆಗಳಲ್ಲಿ ಇಂದಿಗೂ ಆದಿಯ ಪಕಾರ ಉಳಿದಿದೆ. ಹಕಾರಕ್ಕೆ ತಿರುಗಿದುದು ಕನ್ನಡದ ವಿಶೇಷ. ಸಂಸ್ಕೃತದ ‘ಪುಷ್ಪ’ ಬೇರೆ ಶಬ್ದ. ಪ್ರಾಕೃತದಲ್ಲಿ ಅದು ‘ಪುಪ್ಫ’. ‘ಫುಲ್ಲ’ ಎಂದರೆ ಅರಳಿದುದು. ಮರಾಠಿ, ಹಿಂದಿ, ದಖ್ಖನಿಗಳ ಫೂಲ ಬಂದುದು ಇದರಿಂದಲೇ ಹೊರತು ಪುಷ್ಪದಿಂದಲ್ಲ. ಗುಲ್ ಪಾರಸಿಯದು. ಪೂ ಎಂಬುದು ಪುಷ್ಪದ ತದ್ಭವವೆಂದು ಹಳೆಯ ಪಂಡಿತರಲ್ಲಿ ಕೆಲವರು ಹೇಳುತ್ತಿದ್ದುದುಂಟು. ಧ್ವನಿಸಾಮ್ಯವೊಂದನ್ನೇ ನಂಬಿದರೆ ಪೂ, ಪುಷ್ಪ, ಫೂಲ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಬಹುದು. ಆದರೆ ದಕ್ಷಿಣದ ಭಾಷೆಗಳೆಲ್ಲದರಲ್ಲಿ ಹಬ್ಬಿರುವ, ‘ಅರಳು’ ಎಂಬ ಅರ್ಥದ ಕ್ರಿಯಾಪದವೂ ಆಗಿರುವ ಪೂ ಶಬ್ದವನ್ನು ಎರವಲೆನ್ನಲು ಆಧಾರ ಸಾಲದು.

ಧ್ವನಿಸಾಮ್ಯ ಎಷ್ಟು ಮೋಸಗೊಳಿಸಬಲ್ಲುದೆಂಬುದಕ್ಕೆ ನೆರೆಯ ಊರಿನ ಹೆಸರೇ ನಿದರ್ಶನ. 1347ರಲ್ಲಿ ಬಹಮನಿ ಅರಸರ ರಾಜಧಾನಿಯಾದ ಕಲಬುರಗಿ ಪಾರಸಿ ಲೇಖಕರ ಕೈಯಲ್ಲಿ ಗುಲ್ಬರ್ಗಾ ಆಯಿತು. ಗುಲ್ ಎಂದರೆ ಹೂ, ಬರ್ಗ್ ಎಂದರೆ ಎಲೆ ಎಂದು ಅರ್ಥವನ್ನೂ ಹೊಂದಿಸಿದರು. ಕಲ್ಲಿನ ಊರು ಕಾಗದದ ಮೇಲೆ ಹೂದೋಟವಾಯಿತು. 2014ರಲ್ಲಿ ಸರ್ಕಾರಿ ದಾಖಲೆಗಳಲ್ಲಿ ಕಲಬುರಗಿ ಎಂಬ ರೂಪವೇ ಮರಳಿತು. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿ ಬೀದರಕ್ಕೆ ಬಂದ ಮೇಲೆ ಪಾರಸಿ ಶಬ್ದಗಳು ಇಲ್ಲಿಯ ಕಸಬುಗಳೊಳಗೂ ಇಳಿದುವು. ಸತು ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯ ತಂತಿ ಕೂರಿಸುವ ಬಿದ್ರಿ ಕೆಲಸದಲ್ಲಿ ಹೂವಿನ ಚಿತ್ತಾರಕ್ಕೆ ‘ಬೂಟಿ’ ಎಂಬ ಮತ್ತೊಂದು ಹೆಸರು. ಅದು ಗಿಡದ ಹೂವಲ್ಲ, ಕೆತ್ತಿದ ಹೂವು. ಒಂದು ಭಾಷೆ ಇನ್ನೊಂದರಿಂದ ಪರ್ಯಾಯವನ್ನು ಎರವು ಪಡೆದಾಗ ಅದಕ್ಕೆ ಒಂದು ಪ್ರತ್ಯೇಕ ಕೆಲಸ ಕೊಟ್ಟೇ ಪಡೆಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಈ ಸೀಮೆಗೆ ಕೋಶರಚನೆಯ ಪರಂಪರೆಯೂ ಇದೆ. ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣಗಳನ್ನು ರಚಿಸಿದ ಜೈನಪಂಡಿತ ನಾಗವರ್ಮನು ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಅಭಿಧಾನ ವಸ್ತುಕೋಶವನ್ನೂ ಬರೆದನು. ಅವನು ಚಾಳುಕ್ಯ ಜಗದೇಕಮಲ್ಲನ ಕಟಕೋಪಾಧ್ಯಾಯ. ಆ ಜಗದೇಕಮಲ್ಲನು ಹನ್ನೊಂದನೆಯ ಶತಮಾನದ ಜಯಸಿಂಹನೋ ಹನ್ನೆರಡನೆಯ ಶತಮಾನದ ಎರಡನೆಯ ಜಗದೇಕಮಲ್ಲನೋ ಎಂಬುದರಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಎರಡನೆಯ ಪಕ್ಷವನ್ನು ಒಪ್ಪಿದರೆ, ಕನ್ನಡದ ಈ ಪ್ರಾಚೀನ ಕೋಶ ಹುಟ್ಟಿದುದು ಇಂದಿನ ಬಸವಕಲ್ಯಾಣದಲ್ಲಿ, ಅಂದರೆ ಬೀದರ ಜಿಲ್ಲೆಯಲ್ಲೇ. ರಾಜನ ಕಟಕಕ್ಕೆ ಉಪಾಧ್ಯಾಯನಾದವನಿಗೆ ಕೋಶ ಬೇಕೆನಿಸಿದುದರಲ್ಲಿ ಆಶ್ಚರ್ಯವಿಲ್ಲ: ನಾನಾ ದೇಶಗಳಿಂದ ಜನ ಬಂದು ಸೇರುವ ರಾಜಧಾನಿಯಲ್ಲಿ ಶಬ್ದಕ್ಕೆ ಶಬ್ದವನ್ನು ಹೇಳಿಕೊಡುವ ಅಗತ್ಯ ಹೆಚ್ಚು.

ಸಂಸ್ಕೃತ ಕೋಶಗಳಲ್ಲಿ ಪುಷ್ಪದ ಪರ್ಯಾಯಗಳು ವಿದಿತವಾದವೇ. ಅಮರಸಿಂಹನು ಪುಷ್ಪ, ಕುಸುಮ, ಸುಮ, ಪ್ರಸೂನ, ಸುಮನಸ್ ಎಂಬುವನ್ನು ವನೌಷಧಿವರ್ಗದಲ್ಲಿ ಇರಿಸಿದ್ದಾನೆ. ಧನಂಜಯನ ನಾಮಮಾಲೆಯಲ್ಲಿ ಫುಲ್ಲ, ಲತಾಂತ, ಪ್ರಸವ, ಉದ್ಗಮಗಳೂ ಸೇರುತ್ತವೆ. ಇವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಎಲ್ಲವೂ ಸಮಾನವೆಂದು ತೋರುವುದು ಸಹಜ. ಆದರೆ ಪ್ರತಿಯೊಂದೂ ವಸ್ತುವನ್ನು ಬೇರೊಂದು ಕಡೆಯಿಂದ ಹಿಡಿದಿದೆ. ಪ್ರಸೂನ, ಪ್ರಸವಗಳಲ್ಲಿ ಹುಟ್ಟು, ಉದ್ಗಮದಲ್ಲಿ ಹೊರಹೊಮ್ಮುವಿಕೆ, ಫುಲ್ಲದಲ್ಲಿ ಬಿರಿದ ಸ್ಥಿತಿ, ಲತಾಂತದಲ್ಲಿ ಬಳ್ಳಿಯ ತುದಿ ಎಂಬ ಸ್ಥಾನ. ಲತಾಂತವೆನ್ನುವ ಕವಿ ಮರದ ಹೂವನ್ನು ಹೇಳುತ್ತಿದ್ದರೆ, ಅವನು ಶಬ್ದವನ್ನು ಸಂಖ್ಯೆಗಾಗಿ ಇಟ್ಟನೇ ಅರಿತು ಇಟ್ಟನೇ ಎಂದು ಕೇಳಬಹುದು.

ಕನ್ನಡದ ಹೆಸರುಗಳಲ್ಲಿ ಈ ವಿವೇಚನೆ ಇನ್ನೂ ಸ್ಪಷ್ಟ. ನನೆ, ಮುಗುಳ್, ಮೊಗ್ಗೆ ಇವು ಹೂವಾಗುವ ಮುನ್ನಿನ ಅವಸ್ಥೆಗಳು. ಅಲರ್ ಎಂಬುದು ಅರಳಿದುದು, ಅರಳುವ ಕ್ರಿಯೆಯೂ ಅದೇ. ಪೂ ಎಲ್ಲಕ್ಕೂ ಸಾಮಾನ್ಯ. ಎಸಳ್, ಬಂಡು, ಕೇಸರ ಇವು ಅವಯವಗಳು. ಹಳಗನ್ನಡ ಕವಿ ‘ನನೆ’ ಎಂದ ಕಡೆ ಲಿಪಿಕಾರನೊಬ್ಬ ‘ಅಲರ್’ ಎಂದು ಬರೆದರೆ ಮಾತ್ರೆಯ ಲೆಕ್ಕ ಕೆಡಬಹುದು, ನನೆಗೆ ಎರಡು ಮಾತ್ರೆ, ಅಲರ್ ಎಂಬುದಕ್ಕೆ ಮೂರು. ಅದಕ್ಕಿಂತ ಹೆಚ್ಚಾಗಿ ಹೊತ್ತು ಕೆಡುತ್ತದೆ: ಬೆಳಗಿಗೆ ಮುನ್ನ ನಡೆಯಬೇಕಾದುದು ಬೆಳಗಾದ ಮೇಲೆ ನಡೆದಂತಾಗುತ್ತದೆ.

ಧನಂಜಯನ ಕೋಶದ ಪದ್ಧತಿಯಲ್ಲಿ ಒಂದು ಜಾಣ್ಮೆ ಉಂಟು. ಭೂಮಿಯ ಹೆಸರುಗಳಿಗೆ ಧರ ಸೇರಿಸಿದರೆ ಪರ್ವತ, ಪತಿ ಸೇರಿಸಿದರೆ ಅರಸು, ರುಹ ಸೇರಿಸಿದರೆ ಮರ. ಹಾಗೆಯೇ ಹೂವಿನ ಹೆಸರುಗಳಿಗೆ ಅಸ್ತ್ರ, ಶರ ಎಂಬುವನ್ನು ಸೇರಿಸಿದರೆ ಮನ್ಮಥನ ಹೆಸರುಗಳಾಗುತ್ತವೆ. ಕನ್ನಡ ಕವಿಗಳು ಇದೇ ಜಾಡಿನಲ್ಲಿ ಪೂಗಣೆಯ, ಪೂವಿಲ್ಲ, ಅಲರಂಬ, ನನೆವಿಲ್ಲ ಎಂದು ಕಟ್ಟಿದರು. ಜೈನಪುರಾಣಗಳಲ್ಲಿ ಈ ಹೆಸರುಗಳಿಗೆ ಒದಗುವ ತೂಕ ಅನ್ಯಕಾವ್ಯಗಳಲ್ಲಿಲ್ಲ. ಇಪ್ಪತ್ತನಾಲ್ವರು ಕಾಮದೇವರಲ್ಲಿ ಮೊದಲನೆಯವನು ಬಾಹುಬಲಿ. ಅವನ ರೂಪವರ್ಣನೆಯಲ್ಲಿ ಹೂಬಾಣದ ಹೆಸರು ಬಂದರೆ ಅದು ಉಪಮೆಯಲ್ಲ, ಅವನ ಪದವಿಯೇ. ಅದೇ ಬಾಹುಬಲಿ ರಾಜ್ಯವನ್ನು ತೊರೆದು ನಿಂತಾಗ ಅವನ ಮೈಗೆ ಬಳ್ಳಿಗಳು ಹಬ್ಬುತ್ತವೆ. ಹೂವಿನ ಆಯುಧವುಳ್ಳವನನ್ನೇ ಬಳ್ಳಿ ಕಟ್ಟಿತು ಎಂಬ ಈ ತಿರುವು, ಅಲ್ಲಿ ‘ಪೂಗಣೆಯ’ ಎಂಬುದನ್ನು ‘ಮದನ’ ಎಂದು ಬದಲಾಯಿಸಿದ ಪ್ರತಿಯಲ್ಲಿ ಓದುಗನಿಗೆ ತಲಪುವುದಿಲ್ಲ. ಕೋಶದ ದೃಷ್ಟಿಯಿಂದ ಎರಡೂ ಒಂದೇ; ಕಾವ್ಯದ ದೃಷ್ಟಿಯಿಂದ ಒಂದೇ ಅಲ್ಲ.

ಈ ಮಾತು ಕಾವ್ಯದಿಂದ ಪೂಜೆಗೂ ಸಾಗುತ್ತದೆ. ಅಷ್ಟವಿಧಾರ್ಚನೆಯಲ್ಲಿ ಜಲ, ಗಂಧ, ಅಕ್ಷತಗಳ ತರುವಾಯ ಪುಷ್ಪ. ಪ್ರತಿಯೊಂದು ದ್ರವ್ಯಕ್ಕೂ ಒಂದು ಪ್ರಯೋಜನವನ್ನು ಹೇಳಿ ಅರ್ಪಿಸುವುದು ವಾಡಿಕೆ. ಪುಷ್ಪದ ಪ್ರಯೋಜನ ಕಾಮಬಾಣದ ವಿಧ್ವಂಸ. ಕಾಮನ ಬಾಣವೇ ಹೂವು. ಆ ಹೂವನ್ನು ಜಿನಪಾದದಲ್ಲಿ ಇಡುವುದೆಂದರೆ ಆಯುಧವನ್ನು ಕೆಳಗಿಡುವುದು. ಪೂಗಣೆಯ ಎಂಬ ಕವಿಪದಕ್ಕೂ ಬಸದಿಯ ಅರ್ಚನೆಗೂ ಇರುವ ಈ ನಂಟು ಅರ್ಚಕರಿಗೆ ಅಭ್ಯಾಸಬಲದಿಂದ ಕಾಣದೆ ಹೋಗಬಹುದು, ಆದರೆ ಮಂತ್ರದ ಶಬ್ದಗಳಲ್ಲಿ ಅದು ಉಳಿದಿದೆ.

ಹದಿನೇಳನೆಯ ಶತಮಾನದಲ್ಲಿ ಉತ್ತರದೇಶದ ದಿಗಂಬರರಲ್ಲಿ ತೇರಾಪಂಥ ತಲೆಯೆತ್ತಿತು. ಸಚಿತ್ತವಾದ ಹಸಿ ಹೂವನ್ನು ಕಿತ್ತು ಅರ್ಚಿಸುವುದರಲ್ಲಿ ಜೀವಹಿಂಸೆ ಇದೆಯೆಂದು ಆ ಪಂಥದವರು ಕೇಸರಿ ಬಣ್ಣ ಕಟ್ಟಿದ ಅಕ್ಕಿಯನ್ನು ಪುಷ್ಪದ ಸ್ಥಾನದಲ್ಲಿ ಇಟ್ಟರು. ಭಟ್ಟಾರಕಪೀಠಗಳ ಆಶ್ರಯದಲ್ಲಿದ್ದ ಕರ್ನಾಟಕದ ಬಸದಿಗಳಲ್ಲಿ ಹಸಿ ಹೂವಿನ ಅರ್ಚನೆಯೇ ಮುಂದುವರಿಯಿತು. ಆಚರಣೆಯ ಈ ಭೇದದಲ್ಲಿ ಯಾವುದು ಯುಕ್ತವೆಂಬುದು ಶಬ್ದವಿಚಾರದ ವ್ಯಾಪ್ತಿಗೆ ಸೇರದು. ಸೇರುವ ಮಾತು ಇಷ್ಟು: ಅಕ್ಕಿಯನ್ನು ಇಟ್ಟವರೂ ಮಂತ್ರದಲ್ಲಿ ‘ಪುಷ್ಪ’ ಎಂದೇ ಹೇಳಿದರು. ಅಂದಿನಿಂದ ಒಂದೇ ಶಬ್ದಕ್ಕೆ ಎರಡು ದ್ರವ್ಯಗಳು ಅರ್ಥವಾದುವು. ಆದುದರಿಂದ ಪೂಜಾವಿಧಾನದ ಹಸ್ತಪ್ರತಿಯೊಂದು ಕೈಗೆ ಬಂದಾಗ ಅಲ್ಲಿಯ ‘ಪುಷ್ಪ’ ಯಾವುದೆಂದು ಪ್ರತಿಯ ಕಾಲ ಮತ್ತು ಪಂಥವನ್ನು ನೋಡಿ ಹೇಳಬೇಕು. ಹದಿನೇಳನೆಯ ಶತಮಾನಕ್ಕಿಂತ ಹಿಂದಿನ ಕನ್ನಡನಾಡಿನ ಪ್ರತಿಯಲ್ಲಿ ಅಕ್ಕಿಯ ಅರ್ಥವನ್ನು ಕಾಣುವುದು ಕಾಲವಿರುದ್ಧ. ಉತ್ತರದ ಈಚಿನ ಪ್ರತಿಯಲ್ಲಿ ಹೂದೋಟವನ್ನು ಕಾಣುವುದೂ ಅಷ್ಟೇ ತಪ್ಪು.

ಬೀದರ ಸೀಮೆಗೆ ಈ ಎಚ್ಚರ ಹೆಚ್ಚು ಬೇಕು. ಮಳಖೇಡದ ಬಲಾತ್ಕಾರಗಣದ ಪೀಠದಿಂದಲೇ ಕಾರಂಜ ಮತ್ತು ಲಾತೂರು ಶಾಖೆಗಳು ಕವಲೊಡೆದುವು. ಲಾತೂರು ಭಾಲ್ಕಿಯ ನೆರೆ. ಕನ್ನಡನಾಡಿನ ಪೀಠದ ವಿಧಿಗಳು ಮರಾಠಿ ಮಾತಿನ ಶ್ರಾವಕರ ನಡುವೆ ಬೆಳೆದುವು. ಆಮೇಲೆ ಉತ್ತರದಿಂದ ಹಿಂದೀ ಪೂಜಾಪುಸ್ತಕಗಳೂ ಬಂದುವು. ಹೀಗಾಗಿ ಈ ಭಾಗದ ಒಂದು ಪೂಜಾಸಂಗ್ರಹದಲ್ಲಿ ಸಂಸ್ಕೃತ, ಮರಾಠಿ, ಕನ್ನಡ, ಹಿಂದಿಗಳು ಅಕ್ಕಪಕ್ಕದಲ್ಲಿರುವುದು ಅಸಹಜವಲ್ಲ. ಪುಷ್ಪ, ಫೂಲ, ಹೂ ಇವು ಒಂದೇ ಕಟ್ಟಿನಲ್ಲಿದ್ದರೂ ಒಂದೇ ಆಚಾರದಿಂದ ಬಂದವೆಂದು ಭಾವಿಸಲಾಗದು.

ಹೂವಿನ ಹಿಂಸೆಯ ಪ್ರಶ್ನೆ ತೇರಾಪಂಥದಿಂದಲೇ ಹುಟ್ಟಿದುದೇನೂ ಅಲ್ಲ. ಸಮಂತಭದ್ರಸ್ವಾಮಿಗಳ ರತ್ನಕರಂಡಕ ಶ್ರಾವಕಾಚಾರದಲ್ಲಿ ತಿನ್ನಬಾರದ ವಸ್ತುಗಳ ನಡುವೆ ಮೂಲಂಗಿ, ಹಸಿಶುಂಠಿ, ಬೆಣ್ಣೆಗಳ ಜೊತೆಗೆ ಬೇವಿನ ಹೂವೂ ಕೇದಗೆಯೂ ಇವೆ. ಫಲ ಅಲ್ಪ, ಘಾತ ಬಹಳ ಎಂಬುದು ಕಾರಣ. ಯುಗಾದಿಯ ದಿನ ಮನೆಮನೆಯಲ್ಲಿ ಬೇವಿನ ಹೂ ತಿನ್ನುವ ನಾಡಿನಲ್ಲಿ ಈ ನಿಷೇಧ ಬಾಯಿಗೆ ತುಸು ಕಹಿಯೇ. ಅದೇ ಗ್ರಂಥದಲ್ಲಿ ಅರ್ಹತ್‌ಪೂಜೆಯ ಮಹಿಮೆಗೆ ದೃಷ್ಟಾಂತವಾಗಿ ಬರುವುದು ರಾಜಗೃಹದ ಕಪ್ಪೆ. ಒಂದೇ ಒಂದು ಹೂವನ್ನು ಹಿಡಿದು ಹೊರಟ ಆ ಕಪ್ಪೆ ದಾರಿಯಲ್ಲಿ ಶ್ರೇಣಿಕನ ಆನೆಯ ಕಾಲಡಿ ಸಿಕ್ಕಿ ಸತ್ತು ದೇವನಾಯಿತೆಂಬುದು ಕಥೆ. ಶ್ಲೋಕದಲ್ಲಿರುವುದು ‘ಕುಸುಮ’ ಎಂಬ ಸಾಮಾನ್ಯಶಬ್ದ ಮಾತ್ರ. ಅದನ್ನು ಕಮಲವೆಂದು ಬಿಡಿಸಿ ಹೇಳಿದುದು ಕಥೆ ಹೇಳಿದವರು. ಕೊಳದಲ್ಲಿದ್ದ ಕಪ್ಪೆಗೆ ಇನ್ನಾವ ಹೂ ಸಿಕ್ಕೀತು ಎಂಬ ಊಹೆ ಸಯುಕ್ತಿಕವೇ. ಆದರೂ ಮೂಲದ ಸಾಮಾನ್ಯಶಬ್ದಕ್ಕೆ ವಿಶೇಷಶಬ್ದವನ್ನು ಆದೇಶಮಾಡುವ ಈ ಪ್ರವೃತ್ತಿಯನ್ನು ಪಾಠಸಂಪಾದಕನು ಗುರುತಿಸಿರಬೇಕು. ಸಮಂತಭದ್ರರಿಗೆ ಒಂದು ಕುಸುಮ ತಿನ್ನಲು ನಿಷಿದ್ಧ, ಇನ್ನೊಂದು ಕುಸುಮ ಅರ್ಚಿಸಲು ಸ್ತುತ್ಯ. ಎರಡು ಕಡೆಯೂ ಶಬ್ದ ಒಂದೇ ಎಂಬುದು ಆಕಸ್ಮಿಕವಿರಲಾರದು.

ಶಾಸನಗಳಲ್ಲಿ ಹೂವು ಲೆಕ್ಕದ ವಿಷಯ. ಬಸದಿಗಳಿಗೆ ಬಿಟ್ಟ ದತ್ತಿಗಳಲ್ಲಿ ದೇವರ ಅಷ್ಟವಿಧಾರ್ಚನೆ, ಖಂಡಸ್ಫುಟಿತ ಜೀರ್ಣೋದ್ಧಾರ, ಋಷಿಯರ ಆಹಾರದಾನ ಎಂಬ ಮೂರು ಉದ್ದೇಶಗಳು 11–12ನೆಯ ಶತಮಾನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದೇವರ ಹೂದೋಟಕ್ಕೆ ಭೂಮಿ, ಮಾಲೆಗಾರನಿಗೆ ಜೀವಿತ ಎಂಬುವೂ ಕಾಣುತ್ತವೆ. ಶ್ರವಣಬೆಳ್ಗೊಳದಲ್ಲಿ ವರ್ತಕರು ಗೊಮ್ಮಟದೇವರ ಹೂವಿಗಾಗಿ ದತ್ತಿ ಬಿಟ್ಟ ಶಾಸನಗಳಿವೆ. ಇಂಥಲ್ಲಿ ಶ್ಲೇಷೆಗೂ ಪರ್ಯಾಯಕ್ಕೂ ಎಡೆಯಿಲ್ಲ. ಕವಿ ಲತಾಂತವೆಂದರೂ ಉದ್ಗಮವೆಂದರೂ ನಡೆದೀತು; ತೋಟದ ಎಲ್ಲೆ ಬರೆಯುವ ಸೇನಬೋವನಿಗೆ ಪೂ ಎಂಬುದೇ ಸಾಕು. ಪೂಜೆಯಲ್ಲಿ ಚೆಲ್ಲುವ ಹೂವಿಗೆ ಹಳಗನ್ನಡದಲ್ಲಿ ‘ಪೂವಲಿ’ ಎಂಬ ಸೊಗಸಾದ ಶಬ್ದವಿದೆ: ಪೂ ಮತ್ತು ಬಲಿ ಸೇರಿ ಆದುದು. ಬಲಿ ಎಂದೊಡನೆ ರಕ್ತವನ್ನು ನೆನೆಯುವ ಇಂದಿನ ಕಿವಿಗೆ ಈ ಶಬ್ದ ಪ್ರಾಚೀನಾರ್ಥವನ್ನು ಉಳಿಸಿಕೊಟ್ಟಿದೆ. ಬಲಿಯೆಂದರೆ ಅರ್ಪಣೆ, ಅಷ್ಟೆ. ಸಂಸ್ಕೃತ ಪೂಜಾಗ್ರಂಥಗಳ ‘ಪುಷ್ಪಾಂಜಲಿ’ಗೆ ಕನ್ನಡದಲ್ಲಿ ಇದಕ್ಕಿಂತ ಸಮೀಪದ ಮಾತಿಲ್ಲ. ಭಾದ್ರಪದ ಶುಕ್ಲ ಪಂಚಮಿಯಿಂದ ಐದು ದಿನ ನಡೆಯುವ ಪುಷ್ಪಾಂಜಲಿವ್ರತದ ಕನ್ನಡ ಕಥೆಗಳನ್ನು ಸಂಪಾದಿಸುವವರು ಈ ಶಬ್ದವನ್ನು ಮರೆಯಬಾರದು.

ಇನ್ನು ಸುಮನಸ್. ಈ ಶಬ್ದಕ್ಕೆ ಹೂವು, ದೇವತೆ, ಒಳ್ಳೆಯ ಮನಸ್ಸುಳ್ಳ ವಿದ್ವಾಂಸ ಎಂದು ಮೂರು ಅರ್ಥಗಳು. ಅಷ್ಟಮಹಾಪ್ರಾತಿಹಾರ್ಯಗಳಲ್ಲಿ ಒಂದಾದ ಸುರಪುಷ್ಪವೃಷ್ಟಿಯನ್ನು ಹೇಳುವಾಗ ಸ್ತೋತ್ರಕಾರರಿಗೆ ಇದು ದೊರೆತ ನಿಧಿ. ಭಕ್ತಾಮರದ ದಿಗಂಬರ ಪಾಠದಲ್ಲಿ ಮಂದಾರ, ನಮೇರು, ಪಾರಿಜಾತ, ಸಂತಾನಕ ಎಂದು ದಿವ್ಯವೃಕ್ಷಗಳ ಹೆಸರುಗಳನ್ನು ಪೋಣಿಸಲಾಗಿದೆ. ಅಲ್ಲಿ ನಡುವೆ ಬರುವ ‘ಸುಂದರ’ವನ್ನೂ ಒಂದು ಮರದ ಹೆಸರೆಂದು ಎಣಿಸುವ ಅನುವಾದಗಳಿವೆ. ಅಮರದ ದೇವತರುಗಳ ಗಣದಲ್ಲಿ ಆ ಹೆಸರಿಲ್ಲ. ಅದನ್ನು ವಿಶೇಷಣವೆಂದು ತಿಳಿಯುವುದೇ ಮೇಲು. ಕುಮುದಚಂದ್ರರ ಕಲ್ಯಾಣಮಂದಿರಸ್ತೋತ್ರದ ದಾರಿ ಬೇರೆ. ದೇವತೆಗಳು ಸುರಿಸುವ ಹೂಗಳು ತೊಟ್ಟು ಕೆಳಗಾಗಿ ಬೀಳುವುದೇಕೆ ಎಂದು ಅಲ್ಲಿ ಒಂದು ಪ್ರಶ್ನೆ. ಉತ್ತರ: ಭಗವಂತನ ಸಮೀಪಕ್ಕೆ ಬಂದ ಸುಮನಸರ ಬಂಧನಗಳು ಕೆಳಕ್ಕೇ ಹೋಗಬೇಕಲ್ಲವೆ. ಹೂವಿಗೆ ಬಂಧನವೆಂದರೆ ತೊಟ್ಟು, ಭವ್ಯನಿಗೆ ಬಂಧನವೆಂದರೆ ಕರ್ಮ. ಇಲ್ಲಿ ಸುಮನಸ್ ಎಂಬುದಕ್ಕೆ ಕುಸುಮ, ಪುಷ್ಪ, ಪ್ರಸೂನಗಳಲ್ಲಿ ಯಾವುದನ್ನು ಇಟ್ಟರೂ ಹೂವು ಉಳಿಯುತ್ತದೆ, ಭವ್ಯಜೀವ ಹೊರಟುಹೋಗುತ್ತದೆ. ಕನ್ನಡ ಟೀಕೆ ಬರೆಯುವವನಿಗೆ ಇದು ಕಷ್ಟದ ಎಡೆ, ಏಕೆಂದರೆ ಹೂ ಎಂಬ ಶಬ್ದದಲ್ಲಿ ಮನಸ್ಸಿಲ್ಲ.

ಈ ಸ್ತೋತ್ರ ಪಾರ್ಶ್ವನಾಥನನ್ನು ಕುರಿತದ್ದು. ಕಮಠನು ಎಬ್ಬಿಸಿದ ಧೂಳು, ಸುರಿಸಿದ ಮಳೆಗಳ ಉಪಸರ್ಗವೂ ಅದರಲ್ಲಿ ವರ್ಣಿತವಾಗಿದೆ. ಬೀದರಕ್ಕೆ ಸಮೀಪದ ಕಮಠಾಣದಲ್ಲಿ ಪಾರ್ಶ್ವನಾಥ ಬಸದಿ ಇದ್ದು, ಊರ ಹೆಸರು ಕಮಠನನ್ನು ನೆನಪಿಗೆ ತರುತ್ತದೆ. ಕಲಬುರಗಿಯ ಪಾಠವನ್ನು ಮರೆಯದೆ, ಈ ಹೋಲಿಕೆಯನ್ನು ನಿರುಕ್ತಿಯೆಂದು ಹೇಳದಿರುವುದೇ ಲೇಸು. ಆದರೆ ಆ ಬಸದಿಯ ಮುಂದೆ ಕಲ್ಯಾಣಮಂದಿರವನ್ನು ಪಠಿಸುವ ಶ್ರಾವಕನಿಗೆ ಒಂದು ಮಳೆ ಕಮಠನದು, ಇನ್ನೊಂದು ಮಳೆ ಸುಮನಸರದು ಎಂಬ ವ್ಯತ್ಯಾಸ ಸ್ಥಳಬಲದಿಂದಲೇ ಮನಸ್ಸಿಗೆ ಬರುತ್ತದೆ. ಹೂಮಳೆಯ ಈ ಕಲ್ಪನೆಯನ್ನು ಕನ್ನಡದಲ್ಲಿ ಕಲ್ಲಿನ ಮೇಲೆ ಏರಿಸಿದವನು ಬೊಪ್ಪಣಪಂಡಿತ: ಹನ್ನೆರಡನೆಯ ಶತಮಾನದ ಅವನ ಶ್ರವಣಬೆಳ್ಗೊಳದ ಶಾಸನಕಾವ್ಯದಲ್ಲಿ ಗೊಮ್ಮಟಮೂರ್ತಿಯ ಮೇಲೆ ಹೂಮಳೆ ಬಿದ್ದ ಅತಿಶಯ ವರ್ಣಿತವಾಗಿದೆ.

ಹೂವನ್ನೇ ಹೇಳದ ಪುಷ್ಪಶಬ್ದಗಳೂ ಕೆಲವಿವೆ. ವೈದ್ಯಗ್ರಂಥಗಳಲ್ಲಿ ಪುಷ್ಪವೆಂದರೆ ಸ್ತ್ರೀರಜಸ್ಸು, ಕಣ್ಣಿನ ಬಿಳಿಯ ಕಲೆ. ಕನ್ನಡದಲ್ಲಿಯೂ ಕಣ್ಣಿಗೆ ಹೂ ಬಿತ್ತೆನ್ನುವುದುಂಟು. ಪುಷ್ಪರಸವೆಂದರೆ ಜೇನು, ಮಧುಮಾಂಸಗಳನ್ನು ವರ್ಜಿಸಿ ಚಿಕಿತ್ಸೆ ಹೇಳಿದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕದಂಥ ಗ್ರಂಥಗಳ ಪದಸೂಚಿ ಮಾಡುವವರು ಇವನ್ನೆಲ್ಲ ಹೂವಿನ ಕೆಳಗೆ ಸೇರಿಸಿಬಿಟ್ಟರೆ ಅನರ್ಥ. ಪುಷ್ಪವಂತರೆಂದು ದ್ವಿವಚನದಲ್ಲಿ ಹೇಳಿದರೆ ಸೂರ್ಯಚಂದ್ರರು. ಪುಷ್ಪದಂತನೆಂದರೆ ವಾಯವ್ಯದಿಕ್ಕಿನ ಆನೆ, ಒಂಬತ್ತನೆಯ ತೀರ್ಥಂಕರ, ಷಟ್ಖಂಡಾಗಮದ ಆದಿಭಾಗವನ್ನು ರಚಿಸಿದ ಆಚಾರ್ಯ, ಮಳಖೇಡದಲ್ಲಿ 959ರಿಂದ 965ರವರೆಗೆ ಅಪಭ್ರಂಶ ಮಹಾಪುರಾಣವನ್ನು ಬರೆದ ಮಹಾಕವಿ. ಆಚಾರ್ಯ ಪುಷ್ಪದಂತರಿಗೆ ಆ ಹೆಸರು ಬಂದ ಬಗೆಯನ್ನು ಧವಲಾಟೀಕೆ ಹೇಳುತ್ತದೆ: ವಕ್ರವಾಗಿದ್ದ ಹಲ್ಲಿನ ಸಾಲನ್ನು ಭೂತದೇವತೆಗಳು ಸರಿಪಡಿಸಿದುವಂತೆ. ಅವರು ಅನಂತರ ವನವಾಸದೇಶಕ್ಕೆ ಬಂದರೆಂಬುದು ಅದೇ ಪರಂಪರೆ. ಮಹಾಕವಿ ಪುಷ್ಪದಂತನು ಸಂಧಿಗಳ ಕೊನೆಯಲ್ಲಿ ತನ್ನ ಹೆಸರನ್ನು ‘ಪುಪ್ಫಯಂತ’ ಎಂಬ ಪ್ರಾಕೃತರೂಪದಲ್ಲಿ ಅಂಕಿತದಂತೆ ಇಡುತ್ತಾನೆ. ಕನ್ನಡನೆಲದಲ್ಲಿ ಕುಳಿತು ಬರೆದ ಆ ಕವಿಯ ಹೆಸರು ಸುತ್ತಲಿನವರಿಗೆ ಹೂವನ್ನು ಕಾಣಿಸಿತೇ ಸೂರ್ಯಚಂದ್ರರನ್ನೇ ಎಂಬುದನ್ನು ಪ್ರತಿಯೊಂದು ಪ್ರಯೋಗದಲ್ಲೂ ಬೇರೆಬೇರೆಯಾಗಿ ನೋಡಬೇಕು.

ಇಷ್ಟು ಹೇಳಿದ ಮೇಲೆ ಪಕಾರ ಹಕಾರಗಳ ಪ್ರಶ್ನೆ. ಆದಿಯ ಪಕಾರ ಹಕಾರವಾಗುವುದು ಹತ್ತನೆಯ ಶತಮಾನದ ಸುಮಾರಿಗೆ ಅಲ್ಲಲ್ಲಿ ತೋರಿ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ನಾಡಿನಲ್ಲೆಲ್ಲ ನೆಲೆಗೊಂಡಿತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ವಿಕಾರವನ್ನು ಸೂತ್ರಕ್ಕೆ ತಂದಿದ್ದಾನೆ. ಎರವಲು ಶಬ್ದಗಳಲ್ಲಿ ಜನರ ಬಾಯಲ್ಲಿ ಸವೆದುವೂ ಈ ದಾರಿ ಹಿಡಿದುವು, ಪೂರ್ಣಿಮೆ ಹುಣ್ಣಿಮೆಯಾಯಿತು. ಪುಷ್ಪ ಮಾತ್ರ ಪುಷ್ಪವಾಗಿಯೇ ನಿಂತಿತು. ಮನೆಯ ಮಾತಿಗೆ ಹೂ ಇದ್ದುದರಿಂದ ಪುಷ್ಪ ಗ್ರಂಥದಲ್ಲೂ ಮಂತ್ರದಲ್ಲೂ ಉಳಿಯಿತು, ಸವೆಯಲಿಲ್ಲ.

ಹಳಗನ್ನಡ ಕಾವ್ಯಗಳ ಪ್ರತಿಗಳಲ್ಲಿ ಹೆಚ್ಚಿನವು ಕವಿಕಾಲಕ್ಕಿಂತ ಎಷ್ಟೋ ಶತಮಾನ ಈಚಿನವು. 941ರ ಪಂಪನನ್ನು, 993ರ ರನ್ನನನ್ನು ಬರೆದುಕೊಂಡ ಲಿಪಿಕಾರನ ಬಾಯಲ್ಲಿ ಇದ್ದುದು ಹೂ. ಕೈ ಕೆಲವೊಮ್ಮೆ ಬಾಯನ್ನು ಅನುಸರಿಸುತ್ತದೆ. ಈ ದೋಷವನ್ನು ಹಿಡಿಯುವುದು ಉಳಿದ ಸ್ಖಾಲಿತ್ಯಗಳನ್ನು ಹಿಡಿದಷ್ಟು ಸುಲಭವಲ್ಲ. ಕನ್ನಡದ ಪ್ರಾಸ ನಿಂತಿರುವುದು ಪಾದದ ಎರಡನೆಯ ಅಕ್ಷರದಲ್ಲಿ. ಪಾದದ ಮೊದಲಲ್ಲಿ ಪೂ ಹೂ ಆದರೆ ಪ್ರಾಸ ಅಲುಗದು. ಪೂ ಗುರು, ಹೂವೂ ಗುರು, ಛಂದಸ್ಸು ಕೆಡದು. ಅರ್ಥವೂ ಬದಲಾಗದು. ಮೂರು ಕಾವಲುಗಾರರೂ ಮಲಗಿರುವ ಬಾಗಿಲಿನಿಂದ ಹಕಾರ ಒಳಗೆ ಬರುತ್ತದೆ.

ಹಾಗಿದ್ದರೆ ನಷ್ಟವೇನು ಎಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಪೂ ಎಂಬ ಕ್ರಿಯಾಪದದ ಭೂತಕೃದಂತ ‘ಪೂತ’, ಅಂದರೆ ಹೂಬಿಟ್ಟ. ಸಂಸ್ಕೃತದಲ್ಲಿ ‘ಪೂತ’ವೆಂದರೆ ಪವಿತ್ರವಾದ. ಸಮವಸರಣ ಬಂದು ನೆಲಸಿದಾಗ ಬನವೆಲ್ಲ ಅಕಾಲದಲ್ಲಿ ಹೂತು ಹಣ್ಣಾಗುವುದೂ, ವನಪಾಲನು ಅವನ್ನು ತಂದು ಅರಸನಿಗೆ ಒಪ್ಪಿಸಿ ಸುದ್ದಿ ಹೇಳುವುದೂ ಜೈನಪುರಾಣಗಳ ಪರಿಚಿತ ಸಂದರ್ಭ. ಅಲ್ಲಿ ಬನವನ್ನು ‘ಪೂತ’ವೆಂದರೆ ಒಂದೇ ಶಬ್ದದಲ್ಲಿ ಹೂವೂ ಪಾವನತ್ವವೂ ದೊರೆಯುತ್ತವೆ, ಸಂಸ್ಕೃತ ಕನ್ನಡಗಳೆರಡನ್ನೂ ಬಲ್ಲ ಕವಿಗೆ ಇದು ಅಪೇಕ್ಷಣೀಯ. ಲಿಪಿಕಾರನು ‘ಹೂತ’ ಎಂದು ಬರೆದೊಡನೆ ಸಂಸ್ಕೃತದ ಅರ್ಥ ಕಳಚಿಬೀಳುತ್ತದೆ. ಅಷ್ಟೇ ಅಲ್ಲ, ಇಂದಿನ ಓದುಗನಿಗೆ ಹೂತ ಎಂದರೆ ಮೊದಲು ನೆನಪಾಗುವುದು ನೆಲದಲ್ಲಿ ಹೂತದ್ದು. ಹೂಬಿಟ್ಟು ಪವಿತ್ರವಾದ ಬನ ಒಂದು ಅಕ್ಷರದಿಂದ ಮಣ್ಣಿನಡಿಗೆ ಹೋಗುತ್ತದೆ.

ಇದಕ್ಕೆ ಪ್ರತಿಯಾಗಿ, ಹಕಾರಗಳನ್ನೆಲ್ಲ ಕಣ್ಣುಮುಚ್ಚಿ ಪಕಾರಮಾಡುವ ಸಂಪಾದಕರೂ ಉಂಟು. ಇದೂ ಸಾಧುವಲ್ಲ. ಸಂಧಿಕಾಲದ ಕವಿ ಎರಡನ್ನೂ ಬಳಸಿರಬಹುದು. ಕಲ್ಯಾಣದಲ್ಲಿ ನಾಗವರ್ಮನ ಪಕಾರಗಳ ಹಳಗನ್ನಡಕ್ಕೂ ಅದೇ ಊರಿನ ಶರಣರ ಹಕಾರಗಳ ವಚನಗಳಿಗೂ ನಡುವೆ ಇದ್ದ ಅಂತರ, ಎರಡನೆಯ ಜಗದೇಕಮಲ್ಲನ ಪಕ್ಷ ನಿಂತರೆ, ಒಂದು ತಲೆಮಾರಿನದು ಮಾತ್ರ. ಅದು ಕಾಲದ ಭೇದವಲ್ಲ, ಶೈಲಿಯ ಭೇದ. ಮಾರ್ಗಕಾವ್ಯ ಬರೆಯುವವನು ಪೂ ಎನ್ನುತ್ತಿದ್ದನು, ಹೊರಗೆ ಬೀದಿಯಲ್ಲಿ ಹೂ ಕೊಳ್ಳುತ್ತಿದ್ದನು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದುದು ಈ ಸೀಮೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಒಂದೇ ಜನ ಎರಡು ಕಡೆ ಎರಡು ಮಾತಾಡುವುದು ಇಲ್ಲಿ ಹೊಸದಲ್ಲ.

ಹಾಗಾದರೆ ಪ್ರತಿಯೊಂದರಲ್ಲಿ ಕಾಣುವ ಹೂ ಕವಿಯದೋ ಲಿಪಿಕಾರನದೋ ಎಂದು ಹೇಗೆ ತಿಳಿಯುವುದು? ಅದಕ್ಕೆ ಒಂದು ಒರೆಗಲ್ಲು ಹಸ್ತಪ್ರತಿಯ ಕೊನೆಯಲ್ಲೇ ಇದೆ. ಅದರ ಹೆಸರೂ ಹೂವಿನದೇ: ಪುಷ್ಪಿಕೆ. ಗ್ರಂಥ ಅಥವಾ ಅಧ್ಯಾಯ ಮುಗಿದಾಗ ವಿಷಯ, ಕರ್ತೃ, ಕಾಲಗಳನ್ನು ಹೇಳುವ ಭಾಗಕ್ಕೆ ಈ ಹೆಸರು. ಅಲ್ಲಿ ಹೂವಿನಾಕಾರದ ಗುರುತನ್ನು ಬಿಡಿಸುವ ರೂಢಿಯೂ ಉಂಟು. (ಸಂಸ್ಕೃತ ಕೋಶಗಳಲ್ಲಿ ಪುಷ್ಪಿಕೆಗೆ ಹಲ್ಲಿನ ಕೊಳೆ ಎಂಬ ಅರ್ಥವೂ ಇದೆ, ಪುಷ್ಪದಂತರ ಗ್ರಂಥದ ಪುಷ್ಪಿಕೆಯನ್ನು ಓದುವಾಗ ಅದನ್ನು ಮರೆತಿರುವುದು ಒಳಿತು.) ಪಠ್ಯದಲ್ಲಿ ಲಿಪಿಕಾರನು ಪರರ ಮಾತನ್ನು ನಕಲು ಮಾಡುತ್ತಾನೆ. ಪುಷ್ಪಿಕೆಯ ಅನಂತರ ತನ್ನ ಹೆಸರು, ಊರು, ಬರೆಯಿಸಿದವರು, ಶಾಸ್ತ್ರದಾನದ ವಿವರಗಳನ್ನು ಸೇರಿಸುವಾಗ ತನ್ನ ಮಾತನ್ನೇ ಬರೆಯುತ್ತಾನೆ. ಅಲ್ಲಿ ತಪ್ಪದೆ ಬರಬಹುದಾದ ಒಂದು ಶಬ್ದ ‘ಪುಸ್ತಕ’ದ ಕನ್ನಡರೂಪ: ಪೊತ್ತಗೆ ಅಥವಾ ಹೊತ್ತಗೆ.

ತನ್ನ ಮಾತಿನಲ್ಲಿ ಹೊತ್ತಗೆ ಎಂದು ಬರೆದವನು ಪಠ್ಯದೊಳಗೆ ಪೂ ಎಂದು ಬರೆದಿದ್ದರೆ, ಆ ಪಕಾರ ಅವನದಲ್ಲ, ಅವನ ಮುಂದಿದ್ದ ಮಾತೃಕೆಯದು. ಅದನ್ನು ನಿಶ್ಶಂಕೆಯಿಂದ ಸ್ವೀಕರಿಸಬಹುದು. ಎರಡು ಕಡೆಯೂ ಹಕಾರವಿದ್ದರೆ ಪಠ್ಯದ ಹಕಾರ ಅವನದಾಗಿರಬಹುದೆಂದು ಶಂಕಿಸಿ ಬೇರೆ ಪ್ರತಿಯನ್ನು ನೋಡಬೇಕು. ಈಚಿನ ಕಾಲದವನಾಗಿಯೂ ಪಾಂಡಿತ್ಯಕ್ಕಾಗಿ ಪೊತ್ತಗೆ ಎಂದು ಬರೆಯುವವನ ಪ್ರತಿ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅವನು ಕವಿಯ ಹಕಾರವನ್ನೂ ತಿದ್ದಿರುವ ಸಂಭವವುಂಟು. ಈ ಪರೀಕ್ಷೆ ನಡೆಯಬೇಕಾದರೆ ಪಠ್ಯದ ಪಾಠಾಂತರಗಳ ಜೊತೆಗೆ ಲಿಪಿಕಾರನ ಕೊನೆಯ ಸಾಲುಗಳೂ ಇದ್ದಂತೆ ಇದ್ದ ಹಾಗೆ ಅಚ್ಚಾಗಬೇಕು. ಅಚ್ಚಾದ ಹಲವು ಆವೃತ್ತಿಗಳಲ್ಲಿ ಪುಷ್ಪಿಕೆಯ ಭಾಷೆಯನ್ನೂ ‘ಶುದ್ಧಗೊಳಿಸಿ’ ಕೊಟ್ಟಿರುವುದು ಕಾಣುತ್ತದೆ. ಗಡಿನಾಡಿನ ಪ್ರತಿಗಳಲ್ಲಿ ಆ ಸಾಲುಗಳು ಅರ್ಧ ಕನ್ನಡ, ಅರ್ಧ ಮರಾಠಿಯಾಗಿದ್ದರೂ ಹಾಗೆಯೇ ಇರಬೇಕು. ಲಿಪಿಕಾರನು ಹೂವನ್ನು ಫೂಲವೆಂದಿದ್ದರೆ ಫೂಲವೆಂದೇ.